ಸಹಾಯ ಬೇಕು: ಹಳೇ ಕಲ್ಲಿನ ಮನೆ, ಗೋಡೆಗೆಲ್ಲಾ ಬೂಷ್ಟು

ಎಲ್ಲರಿಗೂ ನಮಸ್ಕಾರ. ನಾನು, ನಮ್ಮ ಯಜಮಾನರು ಸ್ಪೇನಿನ ಗ್ರನಾಡಾ ಕಡೆ, ಆಲ್ಪುಹಾರಾ ಬೆಟ್ಟದ ಒಂದು ಹಳ್ಳಿಯಲ್ಲಿ ಬಾಡಿಗೆಗೆ ಇದ್ದೇವೆ. ಇಬ್ಬರಿಗೂ ಮನೆಯಿಂದಲೇ ಕೆಲಸ. ದಪ್ಪ ಕಲ್ಲಿನ ಗೋಡೆ, ಮೇಲೆ ಚಪ್ಪಟೆ ಮಾಳಿಗೆ, ಅದಕ್ಕೆ ಲೌನಾ ಅನ್ನುವ ಇಲ್ಲಿನ ಬೂದು ಮಣ್ಣು ಹಾಸಿರುತ್ತಾರೆ, ನಮ್ಮ ಗದಗ, ಬಾಗಲಕೋಟೆ ಕಡೆಯ ಮಾಳಿಗೆ ಮನೆಗಳ ಹಾಗೇ. ಬೇಸಿಗೆಯಲ್ಲಿ ಒಳಗೆ ಎಷ್ಟು ತಂಪು ಗೊತ್ತಾ! ಕಷ್ಟ ಇರುವುದು ಚಳಿಗಾಲದಲ್ಲಿ.

ಮೆಡಿಟರೇನಿಯನ್ ಅಂದರೆ ಬರೀ ಬಿಸಿಲು ಅಂದುಕೊಳ್ಳುತ್ತಾರೆ, ಆದರೆ ಇಲ್ಲಿ ಮಳೆ ಜಾಸ್ತಿ ಬರುವುದೇ ಚಳಿಗಾಲದಲ್ಲಿ. ಮಲಗುವ ಕೋಣೆಯಲ್ಲಿ ಬೀರುವಿನ ಹಿಂದಿನ ಗೋಡೆಗೆ ಕಪ್ಪು ಬೂಷ್ಟು ಹಿಡಿದಿದೆ. ಹತ್ತಿ ಸೀರೆಗಳ ಮಡಿಕೆಯಲ್ಲೂ ಚುಕ್ಕೆ ಬಿದ್ದಿವೆ. ಯಜಮಾನರಿಗೆ ರಾತ್ರಿಯೆಲ್ಲಾ ಕೆಮ್ಮು, ನನಗೆ ಅದೇ ದೊಡ್ಡ ಚಿಂತೆ.

ಮನೆ ಬೆಚ್ಚಗಿಡಲು ಇರುವುದು ಕಿತ್ತಳೆ ಬಣ್ಣದ ಬ್ಯೂಟೇನ್ ಸಿಲಿಂಡರಿನ ಹೀಟರ್ ಒಂದೇ. ಗ್ಯಾಸ್ ಉರಿದರೆ ನೀರಾವಿಯೂ ಬರುತ್ತದೆ, ಹೊರಗೆ ಹೋಗಲು ಕೊಳವೆ ಇಲ್ಲ, ಹಾಗಾಗಿ ಬೆಳಿಗ್ಗೆ ಎದ್ದರೆ ಕಿಟಕಿ ಗಾಜಿನ ಮೇಲೆ ನೀರು ಇಳಿಯುತ್ತಿರುತ್ತದೆ. ಮಾಲೀಕರು ಪ್ಲಾಸ್ಟಿಕ್ ಪೇಂಟ್ ಹೊಡೆಸೋಣ ಅಂತಾರೆ. ಪಕ್ಕದ ಮನೆ ಅಜ್ಜಿ ಮಾತ್ರ ಬೇಡವೇ ಬೇಡ, ತೇವ ಒಳಗೇ ಉಳಿಯುತ್ತದೆ, ಕೆರೆದು ಸುಣ್ಣ ಬಳಿಯಿರಿ ಅಂತಾರೆ. ನನಗೆ ಅಜ್ಜಿ ಮಾತೇ ಸರಿ ಅನ್ನಿಸುತ್ತದೆ.

ಇಟಲಿ, ಗ್ರೀಸ್, ಪೋರ್ಚುಗಲ್ ಎಲ್ಲಾದರೂ ಸರಿ, ಇಂಥ ಮನೆಯಲ್ಲಿ ಇದ್ದವರು ದಯವಿಟ್ಟು ಹೇಳಿ. ಗಾಳಿಯ ತೇವ ಎಳೆದುಕೊಳ್ಳುವ ಯಂತ್ರ, ಅದೇ ಡಿಹ್ಯೂಮಿಡಿಫೈಯರ್, ಇಟ್ಟರೆ ಸಾಕಾ, ಇಲ್ಲಾ ಹೊಗೆ ಕೊಳವೆ ಇರುವ ಕಟ್ಟಿಗೆ ಒಲೆಯನ್ನೇ ಹಾಕಿಸಬೇಕಾ? ಈ ಚಳಿಯಲ್ಲಿ ಸುಣ್ಣ ಬಳಿದರೆ ಒಣಗುತ್ತದಾ? ಮಾಲೀಕರನ್ನು ಒಪ್ಪಿಸಿದವರು ಯಾರಾದರೂ ಇದ್ದರೆ ಹೇಗೆ ಮಾತಾಡಿದಿರಿ ಅಂತಲೂ ತಿಳಿಸಿ. ಸೀರೆಯ ಚುಕ್ಕೆಗೆ ಉಪಾಯ ಗೊತ್ತಿದ್ದರೆ ಅದನ್ನೂ ಬರೆಯಿರಿ, ಅದರಲ್ಲಿ ಒಂದು ಅಮ್ಮನ ಇಳಕಲ್ ಸೀರೆ.