ಓಡುವಾಗ ತಂಪು, ನಿಂತರೆ ಸೆಕೆ: ಹಳೆ ಸ್ಯಾಂಟ್ರೋ ಎಸಿ

ಪ್ರಶ್ನೆ: ಅಣ್ಣ, ನಮ್ಮದು 2006ರ ಸ್ಯಾಂಟ್ರೋ, ಇರೋದು ತುಮಕೂರು. ಹೈವೇಯಲ್ಲಿ ಎಸಿ ಚೆನ್ನಾಗಿ ತಂಪು ಕೊಡುತ್ತದೆ. ಬಟವಾಡಿ ಹತ್ತಿರ ಟ್ರಾಫಿಕ್‌ನಲ್ಲಿ ನಿಂತರೆ ಬಿಸಿ ಗಾಳಿ ಶುರು. ಇನ್ನೊಂದು, ಒಳಗಿನ ಬ್ಲೋವರ್ 4ರಲ್ಲಿ ಮಾತ್ರ ತಿರುಗುತ್ತದೆ. ಗ್ಯಾರೇಜಿನವರು ಗ್ಯಾಸ್ ತುಂಬಿಸಿ ಅಂತಾರೆ. ತುಂಬಿಸಲಾ?

ಉತ್ತರ: ಈಗಲೇ ಬೇಡ. ಗ್ಯಾಸ್ ತುಂಬಾ ಕಮ್ಮಿಯಾಗಿದ್ದರೆ ಸಾಮಾನ್ಯವಾಗಿ ಹೈವೇಯಲ್ಲೂ ತಂಪು ಕಮ್ಮಿ ಇರುತ್ತಿತ್ತು, ಅಲ್ವಾ? ಓಡುವಾಗ ಎದುರು ಗಾಳಿಯೇ ಕಂಡೆನ್ಸರ್ (ಗಾಡಿಯ ಮುಂದೆ ಇರುವ, ಗ್ಯಾಸಿನ ಬಿಸಿ ಹೊರಹಾಕುವ ಜಾಲಿ) ತಣ್ಣಗೆ ಮಾಡುತ್ತದೆ. ನಿಂತಾಗ ಆ ಕೆಲಸ ಮುಂದಿನ ಫ್ಯಾನಿನದು. ಅದು ತಿರುಗದಿದ್ದರೆ ಗ್ಯಾಸಿನ ಪ್ರೆಶರ್ ಏರುತ್ತದೆ, ತಂಪು ಹೋಗುತ್ತದೆ, ಪ್ರೆಶರ್ ತೀರಾ ಜಾಸ್ತಿಯಾದರೆ ಪ್ರೆಶರ್ ಸ್ವಿಚ್ ಗ್ಯಾಸ್ ಒತ್ತುವ ಕಂಪ್ರೆಸರನ್ನೇ ನಿಲ್ಲಿಸುತ್ತದೆ. ಇಂಥ ಗಾಡಿಗೆ ಸುಮ್ನೆ ಗ್ಯಾಸ್ ತುಂಬಿದರೆ ಪ್ರೆಶರ್ ಇನ್ನೂ ಏರುತ್ತದೆ. ಅದೇ ನನಗೆ ಭಯ.

ಬಾನೆಟ್ ಎತ್ತಿ, ಇಂಜಿನ್ ಆನ್ ಮಾಡಿ ಎಸಿ ಹಾಕಿ, ಕೈ ಮಾತ್ರ ದೂರ ಇರಲಿ. ಕಂಪ್ರೆಸರ್ ಕ್ಲಚ್ ಟಕ್ ಅಂತ ಹಿಡಿದ ಮೇಲೂ ಮುಂದಿನ ಎಸಿ ಫ್ಯಾನ್ ತಿರುಗದಿದ್ದರೆ ಇಂಜಿನ್ ನಿಲ್ಲಿಸಿ ಮೊದಲು ಫ್ಯೂಸ್ ನೋಡಿ. ಆಮೇಲೆ ರಿಲೇ, ಅಂದರೆ ಫ್ಯಾನಿಗೆ ಕರೆಂಟ್ ಬಿಡುವ ಚಿಕ್ಕ ಎಲೆಕ್ಟ್ರಿಕ್ ಸ್ವಿಚ್. ಅದೇ ನಂಬರಿನ, ಅದೇ ಪಿನ್‌ಗಳ ಇನ್ನೊಂದು ರಿಲೇ ಬಾಕ್ಸಿನಲ್ಲಿದ್ದರೆ ಬದಲಿಸಿ ಹಾಕಿ ನೋಡಿ. ಅದರಿಂದಲೂ ಆಗದಿದ್ದರೆ ಫ್ಯಾನಿನ ಕನೆಕ್ಟರ್ ಬಿಚ್ಚಿ, ಬ್ಯಾಟರಿಯಿಂದ ಫ್ಯೂಸ್ ಇರುವ ವೈರಿನಲ್ಲಿ ನೇರವಾಗಿ 12 ವೋಲ್ಟ್ ಕೊಡಿ. ಪ್ಲಸ್ ಮೈನಸ್ ಅದಲುಬದಲಾದರೆ ಫ್ಯಾನ್ ಉಲ್ಟಾ ತಿರುಗುತ್ತದೆ, ಗಮನ ಇರಲಿ. ತಿರುಗಿತಾ? ಹಾಗಾದರೆ ಮೋಟರ್ ಸರಿ ಇದೆ, ವೈರಿಂಗ್ ಅಥವಾ ಅರ್ಥ್ ಹುಡುಕಬೇಕು. ತಿರುಗದೆ, ಮೋಟರಿಗೆ ಮೆಲ್ಲಗೆ ತಟ್ಟಿದಾಗ ಹೊರಟರೆ ಮೋಟರಿನೊಳಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿರುವುದೇ ಹೆಚ್ಚು. ಹಳೆ ಗಾಡಿಗಳಲ್ಲಿ ಇದು ಬಹಳ ಸಾಮಾನ್ಯ.

ಬ್ಲೋವರ್ ಬೇರೆ ವಿಷಯ. 4ರಲ್ಲಿ ಮಾತ್ರ ಓಡುತ್ತದೆ ಅಂದರೆ ಕರೆಂಟ್ ಕಮ್ಮಿ ಮಾಡುವ ರೆಸಿಸ್ಟರ್ ಸುಟ್ಟಿರುವುದೇ ಹೆಚ್ಚು, ಯಾಕಂದರೆ ಕೆಳಗಿನ ಸ್ಪೀಡುಗಳಿಗೆ ಕರೆಂಟ್ ಅದರ ಮೂಲಕ ಬರುತ್ತದೆ, 4ಕ್ಕೆ ನೇರವಾಗಿ ಬರುತ್ತದೆ. ಆದರೆ ಹೊಸ ರೆಸಿಸ್ಟರ್ ಹಾಕಿ ಕೈತೊಳೆದುಕೊಳ್ಳಬೇಡಿ. ಬ್ಲೋವರ್ ಬಿಚ್ಚಿಸಿ ಕೈಯಲ್ಲಿ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಜಾಸ್ತಿ ಕರೆಂಟ್ ಎಳೆದು ಹೊಸದನ್ನೂ ಸುಡುತ್ತದೆ. ಹೊಂಗೆ ಮರದ ಕೆಳಗೆ ನಿಲ್ಲಿಸುವ ಗಾಡಿಯಾ? ಎಲೆ, ಹೂ ಮುಂದಿನ ಗ್ಲಾಸಿನ ಕೆಳಗಿನ ಜಾಲರಿಯಿಂದ ಇಳಿದು ಒಳಗೆ ಕೂತಿರುತ್ತವೆ. ಕನೆಕ್ಟರ್ ಕರಗಿದ್ದರೆ ಅದನ್ನೂ ಬದಲಿಸಿ.

ಪ್ರಶ್ನೆ: ಹೊಂಗೆ ಮರದ ಕೆಳಗೇ ಅಣ್ಣ! ಮುಂದಿನ ಫ್ಯಾನ್ ತಟ್ಟಿದಾಗ ತಿರುಗಿತು, ಆಮೇಲೆ ಮತ್ತೆ ನಿಂತಿತು. ಫ್ಯೂಸ್ ಒಂದು ಸಲ ಹೋಗಿತ್ತು ಬೇರೆ. ಗ್ಯಾರೇಜಿನವರು ದೊಡ್ಡ ಫ್ಯೂಸ್ ಹಾಕಿ, ಫ್ಯಾನಿಗೆ ಡ್ಯಾಶಿನಲ್ಲಿ ಒಂದು ಸ್ವಿಚ್ ಕೊಡ್ತೀನಿ ಅಂತಾರೆ.

ಉತ್ತರ: ದೊಡ್ಡ ಫ್ಯೂಸ್ ಖಂಡಿತ ಬೇಡ! ಫ್ಯೂಸ್ ಹೋಗುವ ಮೊದಲು ವೈರೇ ಸುಟ್ಟೀತು, ಬಾಕ್ಸಿನ ಮುಚ್ಚಳದಲ್ಲಿ ಬರೆದಿರುವ ಆಂಪಿಯರೇ ಇರಲಿ. ಸ್ವಿಚ್ಚೂ ಬೇಡ. ಅದು ಸವೆದ ಮೋಟರನ್ನು ಸರಿಮಾಡುವುದಿಲ್ಲ. ಮೋಟರ್ ಬದಲಿಸಿ, ರೆಕ್ಕೆ ಸರಿ ಇದ್ದರೆ ಅದನ್ನೇ ಹಾಕಿಸಿ. ಬಿಚ್ಚಿದಾಗಲೇ ಕಂಡೆನ್ಸರಿನ ಧೂಳನ್ನು ಕಮ್ಮಿ ಪ್ರೆಶರ್ ನೀರಿನಲ್ಲಿ ತೊಳೆಸಿ, ಜೋರಾಗಿ ಹೊಡೆದರೆ ಅದರ ತೆಳು ಫಿನ್‌ಗಳು (ಪಟ್ಟಿಗಳು) ಮಡಚಿಕೊಳ್ಳುತ್ತವೆ. ಅಷ್ಟಾದ ಮೇಲೂ ನಿಂತಾಗ ತಂಪು ಬರದಿದ್ದರೆ ಆಗ ಗೇಜ್ ಹಾಕಿಸಿ ಪ್ರೆಶರ್ ನೋಡಿಸಿ, ರೀಡಿಂಗ್ ಇಲ್ಲೇ ಹಾಕಿ.