ಹಿಎನ್‌ನಿಂದ ಕಿ-100ರವರೆಗೆ: ಎಂಜಿನ್ ಬದಲಾದಾಗ ವಿಮಾನದಲ್ಲಿ ಏನೇನು ಬದಲಾಯಿತು?

ಪ್ರಶ್ನೆ

ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಭೂಸೇನೆ ಬಳಸಿದ ಕಿ-61 ಹಿಎನ್ ಮತ್ತು ಅದರಿಂದಲೇ ಹುಟ್ಟಿದ ಕಿ-100, ಈ ಎರಡು ಯುದ್ಧವಿಮಾನಗಳ 1:48 ಪ್ರಮಾಣದ ಮಾದರಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಜೋಡಿಸುತ್ತಿದ್ದೇನೆ. ರೆಕ್ಕೆಯೂ ಬಾಲವೂ ಹೆಚ್ಚುಕಡಿಮೆ ಒಂದೇ. ಹಿಎನ್‌ನ ಮೂತಿ ಮಾತ್ರ ಉದ್ದವಾಗಿ ಚೂಪಾಗಿದ್ದರೆ, ಕಿ-100ರದು ದುಂಡಗೆ ದಪ್ಪನಾಗಿದೆ. ಎಂಜಿನ್ನಿನ ಹೊದಿಕೆ ಮುಗಿಯುವಲ್ಲಿ ಒಡಲು ಒಮ್ಮೆಲೇ ಒಳಸರಿಯುತ್ತದೆ. ಅಳೆದು ನೋಡಿದರೆ ನನ್ನ ಮಾದರಿಯಲ್ಲಿ ಹೊದಿಕೆಯ ಅಗಲ ಇಪ್ಪತ್ತೈದು ಮಿಲಿಮೀಟರ್ ದಾಟುತ್ತದೆ, ಅದರ ಹಿಂದಿನ ಒಡಲು ಹದಿನೇಳೂವರೆಯಷ್ಟೇ ಇದೆ. ಇಷ್ಟು ಒಡ್ಡಾದ ಜೋಡಣೆಯಿಂದ ಒಳ್ಳೆಯ ವಿಮಾನ ಹೇಗೆ ಬಂತು? ಹಿಎನ್ ಜರ್ಮನಿಯ ಮೆಸರ್‌ಶ್ಮಿಟ್ 109ರ ನಕಲು ಎಂದು ಹಲವರು ಹೇಳುವುದನ್ನೂ ಕೇಳಿದ್ದೇನೆ. ಅದು ನಿಜವೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಮೊದಲನೆಯ ಉತ್ತರ

ನಕಲು ಎಂಬ ಮಾತನ್ನು ಮೊದಲು ಬದಿಗಿಡೋಣ. ಜರ್ಮನಿಯಿಂದ ಬಂದದ್ದು ಎಂಜಿನ್, ವಿಮಾನವಲ್ಲ. ಕವಾಸಾಕಿ ಕಂಪನಿಯು ಡೈಮ್ಲರ್-ಬೆಂಜ್ 601 ಎಂಜಿನ್ನನ್ನು ತಯಾರಿಸುವ ಪರವಾನಗಿ ಪಡೆದು, ಅದನ್ನು ಹಾ-40 ಎಂಬ ಹೆಸರಿನಲ್ಲಿ ಜಪಾನಿನಲ್ಲೇ ತಯಾರಿಸಿತು. ಅದರ ಶಕ್ತಿ 1,175 ಅಶ್ವಶಕ್ತಿ. ಅದರ ಸುತ್ತ ವಿಮಾನವನ್ನು ರೂಪಿಸಿದವರು ತಾಕೆಓ ದೋಯಿ ಮತ್ತು ಶಿನ್ ಓವಾದಾ. ಕವಾಸಾಕಿಯಲ್ಲಿ ಹತ್ತು ವರ್ಷ ಕೆಲಸ ಮಾಡಿದ ಜರ್ಮನ್ ಎಂಜಿನಿಯರ್ ರಿಚರ್ಡ್ ಫೋಗ್ಟ್ ಅವರ ಕೈಕೆಳಗೆ ದೋಯಿ ಪಳಗಿದ್ದರು. ದ್ರವದಿಂದ ತಣಿಯುವ ಎಂಜಿನ್‌ಗಳ ಮೇಲೆ ಆ ಕಂಪನಿಗಿದ್ದ ಒಲವು ಅಂದಿನಿಂದ ಬಂದದ್ದು.

ರೆಕ್ಕೆಯನ್ನು ನೋಡಿದರೆ ಸಾಕು, ವ್ಯತ್ಯಾಸ ತಿಳಿಯುತ್ತದೆ. ಹಿಎನ್‌ನ ರೆಕ್ಕೆ ತುದಿಯಿಂದ ತುದಿಗೆ 12 ಮೀಟರ್, ವಿಸ್ತೀರ್ಣ 20 ಚದರ ಮೀಟರ್. ಮೆಸರ್‌ಶ್ಮಿಟ್ 109ಇ ವಿಮಾನದ್ದು 10 ಮೀಟರಿಗಿಂತ ತುಸು ಕಡಿಮೆ, ವಿಸ್ತೀರ್ಣ ಸುಮಾರು 16 ಚದರ ಮೀಟರ್. ಉದ್ದವಾಗಿ ಕಿರಿದಾಗಿರುವ ಈ ರೆಕ್ಕೆಯು ವೇಗವನ್ನು ಹೆಚ್ಚು ಬಿಟ್ಟುಕೊಡದೆ ತಿರುವುಗಳಲ್ಲಿಯೂ ಎತ್ತರದಲ್ಲಿಯೂ ವಿಮಾನಕ್ಕೆ ಆಸರೆಯಾಯಿತು, ಮತ್ತು ಮುಂದೆ ಮೂತಿ ಸಂಪೂರ್ಣವಾಗಿ ಬದಲಾದಾಗಲೂ ಅದನ್ನು ಯಾರೂ ಮುಟ್ಟಬೇಕಾಗಿ ಬರಲಿಲ್ಲ. 1941ರ ಡಿಸೆಂಬರಿನಲ್ಲಿ ಮೊದಲು ಹಾರಿದ ಈ ವಿಮಾನಕ್ಕೆ ಹಿಎನ್, ಅಂದರೆ ಹಾರುವ ಅಂಬರಗುಬ್ಬಿ, ಎಂಬ ಹೆಸರು ನಿಜಕ್ಕೂ ಒಪ್ಪುತ್ತದೆ.

ಎರಡನೆಯ ಉತ್ತರ

ಹಿಂದಿನವರು ರೆಕ್ಕೆಯ ಬಗ್ಗೆ ಬರೆದದ್ದಕ್ಕೆ ನನ್ನ ಸಂಪೂರ್ಣ ಸಹಮತವಿದೆ. ಆದರೆ ಇಡೀ ಕಥೆ ತಿರುಗುವುದು ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್, ಅಂದರೆ ಪಿಸ್ಟನ್‌ಗಳ ಚಲನೆಯನ್ನು ಸುತ್ತುವಿಕೆಯಾಗಿ ಬದಲಿಸುವ ದಂಡದ ಸುತ್ತ ಎಂಬುದನ್ನು ಸೇರಿಸಬೇಕು. ಜರ್ಮನ್ ವಿನ್ಯಾಸದಲ್ಲಿ ಪಿಸ್ಟನ್‌ಗಳಿಂದ ಬರುವ ಕನೆಕ್ಟಿಂಗ್ ರಾಡ್‌ಗಳು ಕ್ರ್ಯಾಂಕ್‌ಶಾಫ್ಟಿಗೆ ಕೂಡುವಲ್ಲಿ ರೋಲರ್ ಬೇರಿಂಗ್‌ಗಳಿದ್ದವು. ಅವಕ್ಕೆ ಬೇಕಾದ ನುಣುಪು, ಅಳತೆಯ ನಿಖರತೆ ಮತ್ತು ಉತ್ತಮ ಮಿಶ್ರಲೋಹ, ಈ ಮೂರನ್ನೂ ಯುದ್ಧಕಾಲದ ಜಪಾನಿನಲ್ಲಿ ಒಟ್ಟಿಗೆ ಹೊಂದಿಸುವುದು ಬಹಳ ಕಷ್ಟವಾಗಿತ್ತು. ನಿಕಲ್ ಅಂತೂ ದುರ್ಲಭವಾಗಿತ್ತು. 1943ರಲ್ಲಿ ನ್ಯೂ ಗಿನಿಗೆ ಹೋದ ಹಿಎನ್‌ಗಳು ಅಲ್ಲಿಯ ಸೆಕೆ, ತೇವ ಹಾಗೂ ಬಿಡಿಭಾಗಗಳ ಕೊರತೆಯ ನಡುವೆ ಹಾರಾಟಕ್ಕಿಂತ ದುರಸ್ತಿಯಲ್ಲೇ ಹೆಚ್ಚು ಕಾಲ ಕಳೆದವು.

ಹೆಚ್ಚು ಶಕ್ತಿಗಾಗಿ 1,500 ಅಶ್ವಶಕ್ತಿಯ ಹಾ-140 ತಯಾರಾಯಿತು, ಅದನ್ನು ಹೊತ್ತ ಕಿ-61-2 ಗಂಟೆಗೆ ಸುಮಾರು 610 ಕಿಲೋಮೀಟರ್ ವೇಗ ಮುಟ್ಟಿತು. ಆದರೆ ಹಳೆಯ ಎಂಜಿನ್ನಿನ ಕಾಯಿಲೆಗಳೆಲ್ಲ ಹೊಸದರಲ್ಲಿ ಉಲ್ಬಣಿಸಿದವು. ಸಿದ್ಧವಾದ 374 ಒಡಲುಗಳಲ್ಲಿ ಎಂಜಿನ್ ಸಿಕ್ಕಿದ್ದು 99ಕ್ಕೆ ಮಾತ್ರ. ಉಳಿದವು ಮೂತಿಯಿಲ್ಲದೆ ಕಾರ್ಖಾನೆಯ ಬಳಿ ಸಾಲಾಗಿ ನಿಂತಿದ್ದವು. 1945ರ ಜನವರಿ 19ರಂದು ಅಮೆರಿಕದ ಬಿ-29 ಬಾಂಬರುಗಳು ಆಕಾಶಿಯಲ್ಲಿದ್ದ ಕವಾಸಾಕಿಯ ಎಂಜಿನ್ ಕಾರ್ಖಾನೆಯ ಮೇಲೆ ದಾಳಿ ಮಾಡಿದ ಮೇಲೆ ಇದ್ದ ಆಸೆಯೂ ಹೋಯಿತು.

ಅಷ್ಟರಲ್ಲಿ, 1944ರ ಅಕ್ಟೋಬರಿನಲ್ಲಿಯೇ, ಮಿತ್ಸುಬಿಶಿಯ ಹಾ-112-2 ಎಂಬ ಗಾಳಿಯಿಂದ ತಣಿಯುವ ರೇಡಿಯಲ್ (ಸಿಲಿಂಡರ್‌ಗಳನ್ನು ವೃತ್ತಾಕಾರವಾಗಿ ಜೋಡಿಸಿದ) ಎಂಜಿನ್ನನ್ನು ಈ ಒಡಲುಗಳಿಗೆ ಕೂರಿಸಲು ಆದೇಶವಾಗಿತ್ತು. ನೀವು ಮಾದರಿಯಲ್ಲಿ ಅಳೆದದ್ದು ಸರಿಯಾಗಿಯೇ ಇದೆ: ಒಡಲಿನ ಅಗಲ 84 ಸೆಂಟಿಮೀಟರ್, ಎಂಜಿನ್ನಿನ ವ್ಯಾಸ 1.22 ಮೀಟರ್. ಸಪೂರ ಒಡಲಿಗೆ ಅಗಲವಾದ ಎಂಜಿನ್ ಜೋಡಿಸುವ ಉಪಾಯವನ್ನು ಕವಾಸಾಕಿಯವರು ಜರ್ಮನಿಯಿಂದ ತರಿಸಿದ್ದ ಫೋಕೆ-ವುಲ್ಫ್ 190 ಯುದ್ಧವಿಮಾನದಲ್ಲಿ ಕಂಡುಕೊಂಡರು. 1945ರ ಫೆಬ್ರವರಿ 1ರಂದು ಹೊಸ ವಿಮಾನ, ಅಂದರೆ ಕಿ-100, ಹಾರಿತು. ಎಂಜಿನ್ನಿನ ದ್ರವವನ್ನು ತಣಿಸುವ ರೇಡಿಯೇಟರ್, ಅದರ ಕೊಳವೆಗಳು, ಭಾರದ ಮೂತಿಯನ್ನು ಸರಿದೂಗಿಸಲು ಬಾಲದ ಕಡೆ ಇಟ್ಟಿದ್ದ ಸೀಸ, ಎಲ್ಲವೂ ಹೋಗಿ ಸುಮಾರು 330 ಕಿಲೋಗ್ರಾಂ ಇಳಿದಿತ್ತು. ಅದೇ ರೆಕ್ಕೆ, ಕಡಿಮೆ ಭಾರ: ಆದ್ದರಿಂದ ತಿರುವು ಬಿಗಿಯಾಯಿತು, ಏರುವುದು ಇಳಿಯುವುದು ಸಲೀಸಾಯಿತು.

ಮೂರನೆಯ ಉತ್ತರ

ಒಂದು ಎಚ್ಚರಿಕೆಯ ಮಾತು ಬೇಕೆನಿಸುತ್ತದೆ. ಕಿ-100 ಎಲ್ಲ ರೀತಿಯಲ್ಲೂ ಉತ್ತಮವಾಯಿತು ಎಂದು ಬರೆಯುವುದು ವಾಡಿಕೆಯಾಗಿಬಿಟ್ಟಿದೆ, ಅದನ್ನು ನಾನು ಒಪ್ಪಲಾರೆ. ದಪ್ಪ ಮೂತಿಯ ಬೆಲೆಯನ್ನು ವೇಗದಲ್ಲಿ ತೆರಬೇಕಾಯಿತು. ಅದರ ಗರಿಷ್ಠ ವೇಗ ಗಂಟೆಗೆ 580 ಕಿಲೋಮೀಟರ್ ಮಾತ್ರ. ಅಮೆರಿಕದ ಮಸ್ಟಾಂಗ್ ಯುದ್ಧವಿಮಾನ ಆಗ 700ರ ಆಸುಪಾಸಿನಲ್ಲಿತ್ತು. ಕಿ-100ರ ನಿಜವಾದ ಗುಣವೆಂದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಅದರ ಎಂಜಿನ್ ಹೊತ್ತಿಕೊಳ್ಳುತ್ತಿತ್ತು, ಹೊತ್ತಿಕೊಂಡದ್ದು ನಡುವೆ ಕೈಕೊಡುತ್ತಿರಲಿಲ್ಲ. ಪೈಲಟ್‌ನ ಪ್ರಾಣ ಉಳಿಯುವುದು ಇಂಥ ಗುಣದಿಂದ, ಹಾಗಾಗಿ ಇದನ್ನು ಸಣ್ಣದೆಂದು ನಾನು ಎಣಿಸುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇನ್ನೊಂದು ಸಂದೇಹ ಉಳಿದಿದೆ. ಹೊದಿಕೆಯ ಹಿಂದಿನ ಆ ಮೆಟ್ಟಿಲಿನಲ್ಲಿ ಎರಡೂ ಪಕ್ಕ ಹೊಗೆಕೊಳವೆಗಳ ತುದಿಗಳನ್ನು ಒಂದರ ಕೆಳಗೊಂದು ಅಂಟಿಸಬೇಕೆಂದು ಸೂಚನೆಯಲ್ಲಿದೆ. ಅವು ಅಲ್ಲೇ ಏಕಿವೆ?

ಎರಡನೆಯ ಉತ್ತರ ಕೊಟ್ಟವರಿಂದ

ಅಗಲ ಒಮ್ಮೆಲೇ ಕುಗ್ಗುವಲ್ಲಿ ಗಾಳಿ ಸುಳಿಸುತ್ತಿ ವಿಮಾನವನ್ನು ಹಿಂದಕ್ಕೆ ಎಳೆಯುತ್ತದೆ. ಹೊಗೆಯನ್ನು ಅದೇ ಜಾಗಕ್ಕೆ ರಭಸವಾಗಿ ಊದಿಸಿದರೆ ಆ ಸುಳಿ ಒಡೆಯುತ್ತದೆ, ಜತೆಗೆ ತುಸು ನೂಕುಬಲವೂ ಸಿಗುತ್ತದೆ. ಒಡಲಿನ ಪಕ್ಕಗಳಿಗೆ ಇನ್ನೊಂದು ಪದರ ತಗಡನ್ನು ರಿವೆಟ್ ಮಾಡಿ ಆ ಮೆಟ್ಟಿಲನ್ನು ಇನ್ನಷ್ಟು ನಯಗೊಳಿಸಿದರು.

ನಿಮ್ಮ ಮಾದರಿಯಲ್ಲಿ ಪೈಲಟ್‌ನ ಹಿಂದಿನ ಬೆನ್ನು ಎತ್ತರವಾಗಿದ್ದರೆ ಅದು ಹಳೆಯ ಒಡಲಿನಿಂದ ಪರಿವರ್ತಿಸಿದ ಸುಮಾರು 270 ವಿಮಾನಗಳ ಪೈಕಿ ಒಂದು. ಬೆನ್ನನ್ನು ತಗ್ಗಿಸಿ, ಸುತ್ತಲೂ ಕಾಣುವಂತೆ ಗುಳ್ಳೆಯಾಕಾರದ ಗಾಜಿನ ಮುಚ್ಚಳ ಇಟ್ಟದ್ದಾದರೆ ಹೊಸದಾಗಿ ಕಟ್ಟಿದ 118ರಲ್ಲಿ ಸೇರುತ್ತದೆ. ಎತ್ತರದಲ್ಲಿ ಬಿ-29ಗಳನ್ನು ಎದುರಿಸಲೆಂದು ಟರ್ಬೋಚಾರ್ಜರ್ (ಹೊಗೆಯ ಬಲದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಸೇರಿಸಿದ ಮೂರನೆಯ ಬಗೆಯೂ ಇತ್ತು, ಆದರೆ ಪರೀಕ್ಷೆಗಾಗಿ ಮೂರನ್ನು ಕಟ್ಟುವಷ್ಟರಲ್ಲಿ ಯುದ್ಧ ಮುಗಿಯಿತು.