ತಲೆ ಎಣಿಕೆಯೇ ಕೊಡದೆ ಯಾವುದು ಜಾಸ್ತಿ ಅಂತ ಹೇಗೆ ಹೇಳುವುದು?

ಅಂಗಡಿ ಲೆಕ್ಕ:
ಎಂಬಿಎ ಪ್ರವೇಶ ಪರೀಕ್ಷೆ ಜಿಮ್ಯಾಟ್‌ಗೆ ಓದುತ್ತಿದ್ದೇನೆ. ಹಗಲೆಲ್ಲ ಮಾವನ ಔಷಧಿ ಅಂಗಡಿ. ಗಿರಾಕಿ ಇಲ್ಲದಾಗ ಹಳೇ ಬಿಲ್‌ಗಳ ಹಿಂದೆ ಲೆಕ್ಕ ಮಾಡುತ್ತೇನೆ. ಡೇಟಾ ಸಫಿಷಿಯನ್ಸಿಯಲ್ಲಿ (ಉತ್ತರ ಹೇಳಲು ಕೊಟ್ಟ ಎರಡು ಹೇಳಿಕೆಗಳು ಸಾಕೇ ಅಂತಷ್ಟೇ ಕೇಳುವ ಪ್ರಶ್ನೆಗಳು) ಇಂಥದ್ದು ಬಂದರೆ ಎಡವುತ್ತೇನೆ:

ಒಂದು ಕಾಲೇಜಿನಲ್ಲಿ ಕೆಲವರು ಚೆಸ್ ಕ್ಲಬ್, ನಾಟಕ ತಂಡ ಎರಡರಲ್ಲೂ ಇದ್ದಾರೆ. ನಾಟಕಕ್ಕಿಂತ ಚೆಸ್‌ನಲ್ಲಿ ಜಾಸ್ತಿ ಜನರಿದ್ದಾರೆಯೇ?
(1) ಚೆಸ್‌ನವರಲ್ಲಿ 20% ನಾಟಕದಲ್ಲೂ ಇದ್ದಾರೆ.
(2) ನಾಟಕದವರಲ್ಲಿ 30% ಚೆಸ್‌ನಲ್ಲೂ ಇದ್ದಾರೆ.

ನಾನು ‘ಇ’ ಅಂದೆ, ಎರಡೂ ಸೇರಿದರೂ ಸಾಲದು ಅಂತ. ಎಷ್ಟು ಜನ ಅಂತಲೇ ಹೇಳಿಲ್ಲವಲ್ಲ! ಉತ್ತರ ‘ಸಿ’ ಅಂತೆ, ಎರಡೂ ಸೇರಿದರೆ ಸಾಕಂತೆ. ಹೇಗೆ?

ಬಳಪ:
ಎರಡೂ ಕಡೆ ಇರುವವರು ಅದೇ ಜನ ಅಲ್ವಾ? ಯಾವ ಬಾಗಿಲಿಂದ ಎಣಿಸಿದರೂ ಅಷ್ಟೇ. 12 ಅಂತ ಇಟ್ಟುಕೊಳ್ಳಿ. 12 ಚೆಸ್‌ನ 20% ಆದರೆ ಚೆಸ್ 60. ಅದೇ 12 ನಾಟಕದ 30% ಆದರೆ ನಾಟಕ 40. ಈಗ 12ರ ಬದಲು 30 ಇಡಿ: 150 ಮತ್ತು 100. 3:2 ಅಲ್ಲಾಡುವುದಿಲ್ಲ. ‘ಚೆಸ್‌ನಲ್ಲಿ ಎಷ್ಟು ಜನ’ ಅಂತ ಕೇಳಿದ್ದರೆ ನಿಮ್ಮ ‘ಇ’ ಸರಿಯಾಗುತ್ತಿತ್ತು.

ರಾತ್ರಿ ಪಾಳಿ:
‘ಕೆಲವರು’ ಅನ್ನುವುದನ್ನು ಸುಮ್ನೆ ಹಾಕಿಲ್ಲ, ನೋಡಿ. ಅದಿಲ್ಲದಿದ್ದರೆ ಎರಡೂ ಕಡೆ ಸೊನ್ನೆ ಅಂತ ವಾದ ಮಾಡುವವರು ಇರುತ್ತಾರೆ. (ನಾನೇ ಒಬ್ಬ.) ಇನ್ನು (1) ಒಂದೇ ಸಾಲದು. ಚೆಸ್ 60 ಇದ್ದರೂ ನಾಟಕದಲ್ಲಿ ಆ 12 ಜನರೇ ಇರಬಹುದು, 500 ಜನರೂ ಇರಬಹುದು.

ಅಂಗಡಿ ಲೆಕ್ಕ:
ಬಳಪ ಸರ್, ಈಗ ತಲೆಗೆ ಹೋಯಿತು. ಹುರುಪಿನಲ್ಲಿ ಒಂದು ಪದ ಬದಲಿಸಿ ನೋಡಿದೆ. (1)ರಲ್ಲಿ ‘ಚೆಸ್‌ನವರಲ್ಲಿ’ ಬದಲು ‘ಕಾಲೇಜಿನವರಲ್ಲಿ 20% ಎರಡರಲ್ಲೂ ಇದ್ದಾರೆ’ ಅಂತ. ಆಗ ನಾಟಕದ 30% ಅಂದರೆ ಕಾಲೇಜಿನ 20%. ನಾಟಕ ಸುಮಾರು 66.7% ಆಯಿತು. ಚೆಸ್ ಗೊತ್ತಿಲ್ಲ, ಆದ್ದರಿಂದ ‘ಇ’ ಅಲ್ವಾ?

ಬಳಪ:
ನಿಲ್ಲಿ. ನಾಟಕದಲ್ಲಿ ಇಲ್ಲದವರು ಕಾಲೇಜಿನಲ್ಲಿ 33.3% ಮಾತ್ರ. ಅವರೆಲ್ಲ ಚೆಸ್‌ಗೆ ಸೇರಿದರೂ 20 + 33.3, ಅಂದರೆ 53.3% ದಾಟುವುದಿಲ್ಲ.

ಅಂಗಡಿ ಲೆಕ್ಕ:
ಅಯ್ಯೋ, ಹಾಗಾದರೆ ನಾಟಕವೇ ಜಾಸ್ತಿ! ಮತ್ತೆ ‘ಸಿ’, ಆದರೆ ಈ ಸಲ ‘ಇಲ್ಲ’ ಅಂತ. ಗಿರಾಕಿ ಬಂದರು, ಆಮೇಲೆ ಬರುತ್ತೇನೆ.